ಇಲ್ಲದ ಕಲ್ಲಿಗೆ ಬಾಳೆದಿಂಡು

ನಮ್ಮ ಯಜಮಾನರಿಗೆ ಕಿಡ್ನಿಯಲ್ಲಿ ಕಲ್ಲಾಗಿದೆ ಎಂದು ಯರಗಟ್ಟಿಯ ನಮ್ಮ ಓಣಿಗೆಲ್ಲ ಗೊತ್ತಿತ್ತು. ಹಾಗೆಂದು ಸಾರಿದವರು ಅವರೇ. ಕಲ್ಲು ಮಾತ್ರ ಇರಲಿಲ್ಲ.

ಮೂತ್ರಕ್ಕೆ ಹೋದರೆ ಉರಿ, ಹೋಗಿ ಬಂದರೂ ಮತ್ತೆ ಹೋಗಬೇಕೆನ್ನುವ ಅವಸರ. ಬೀಜದ ಅಂಗಡಿಯಲ್ಲಿ ಗಿರಾಕಿಗಳನ್ನು ನಿಲ್ಲಿಸಿ ಹಿತ್ತಲಿಗೆ ಓಡುತ್ತಿದ್ದರು. ಅರವತ್ತು ದಾಟಿದ ಗಂಡಸು ಇದನ್ನು ಯಾರ ಮುಂದೆ ಹೇಳಬೇಕು? ಕಲ್ಲು ಎಂದರೆ ಮರ್ಯಾದೆಯ ರೋಗ, ನಾಲ್ಕು ಜನರ ಮುಂದೆ ಹೇಳಬಹುದು. ಹೇಳಿದ್ದೇ ತಡ, ಎದುರು ಮನೆಯ ಕರೆವ್ವ ಬಾಳೆದಿಂಡಿನ ರಸ ತಂದಳು, ಇನ್ನೊಬ್ಬರು ಹುರಳಿ ಕಟ್ಟು ಕಳಿಸಿದರು. ಈ ಮಹಾರಾಯರು ಎಲ್ಲವನ್ನೂ ಮುಖ ಕಿವುಚಿ ಕುಡಿದರು. ನನಗೆ ಮೈಯೆಲ್ಲ ಉರಿಯುತ್ತಿತ್ತು, ಆದರೆ ಗಂಡನ ಗುಟ್ಟು ಬಿಟ್ಟುಕೊಡುವುದು ಹೇಗೆ?

ಒಂದು ಮಧ್ಯಾಹ್ನ ಚಳಿ ಜ್ವರ ಬಂದು ಗಡಗಡ ನಡುಗಿದರು. ಅವತ್ತು ನಾನು ಅವರ ಮಾತು ಕೇಳಲಿಲ್ಲ, ಫರೀನಳ ದವಾಖಾನೆಗೆ ಎಳೆದುಕೊಂಡು ಹೋದೆ. ಫರೀನ್ ನಮ್ಮ ಓಣಿಯ ಟೇಲರ್ ಮಹಮ್ಮದಗೌಸನ ಮಗಳು, ಚಿಕ್ಕವಳಿದ್ದಾಗ ಇವರ ಹೆಗಲ ಮೇಲೆ ಕುಳಿತು ಊರು ಸುತ್ತಿದವಳು. ಈಗ ಡಾಕ್ಟರು.

"ಏನ್ ತ್ರಾಸ ಐತ್ರಿ ಕಾಕಾ?" ಎಂದಳು.

"ಹೊಟ್ಟಿ ಒಂದೀಟ ಸರಿ ಇಲ್ಲವಾ," ಎಂದು ಗೋಡೆಯ ಕ್ಯಾಲೆಂಡರ್ ನೋಡತೊಡಗಿದರು.

ನಾನು ಸುಮ್ಮನಿರುವವಳೇ? ಉರಿ, ಅವಸರ, ಬಾಳೆದಿಂಡು, ಎಲ್ಲವನ್ನೂ ಹೇಳಿಬಿಟ್ಟೆ. ಅವರು ಕ್ಯಾಲೆಂಡರಿನಿಂದ ಕಣ್ಣು ತೆಗೆಯಲಿಲ್ಲ.

ಮೂತ್ರ ಮತ್ತು ರಕ್ತದ ತಪಾಸಣೆಯಾಯಿತು. ರಿಪೋರ್ಟು ಹಿಡಿದುಕೊಂಡು ಫರೀನ್ ನಮ್ಮಿಬ್ಬರನ್ನೂ ಕೂರಿಸಿದಳು.

"ಗಂಡಸರಿಗೆ ಪ್ರಾಸ್ಟೇಟ್ ಅಂತ ಒಂದು ಗ್ರಂಥಿ ಇರತೈತ್ರಿ ಕಾಕಾ. ಅದು ಪಿ.ಎಸ್.ಎ. ಅನ್ನೋ ಕಿಣ್ವ ಮಾಡತೈತಿ. ಪ್ರೋಟೀನ್ ಕತ್ತರಿಸೂದು ಅದರ ಕೆಲಸ. ನಮ್ಮ ಅಬ್ಬಾನ ಕತ್ರಿ ಇದ್ಹಂಗ ಅಂತ ತಿಳ್ಕೋರಿ. ಕತ್ರಿ ಅಂಗಡ್ಯಾಗ ಇದ್ರ ಬರೋಬ್ಬರಿ. ನಿಮ್ಮ ರಕ್ತದಾಗ ಅದು ಭಾಳ ಬಂದೈತಿ. ಅಂದ್ರ ಕತ್ರಿ ರಸ್ತೇಕ್ಕ ಬಿದ್ದೈತಿ, ಅಂಗಡಿ ಬಾಗಲಾ ಮುರದೈತಿ."

"ಯಾರ ಮುರದಾರವಾ?" ಎಂದೆ.

"ಅದನ್ನ ಕತ್ರಿ ಹೇಳೂದಿಲ್ಲ ಕಾಕು. ಸೋಂಕಾದ್ರೂ ಮುರೀತೈತಿ, ಕ್ಯಾನ್ಸರ್ ಆದ್ರೂ ಮುರೀತೈತಿ. ಸೋಂಕು ಅಂದ್ರ ಗಾಳಿ, ಕ್ಯಾನ್ಸರ್ ಅಂದ್ರ ಕಳ್ಳ, ಯಾವುದಾದ್ರೂ ಇರಬಹುದು. ಮೂತ್ರದಾಗ ಸೋಂಕು ಕಂಡೈತಿ, ಅದಕ್ಕ ಮೊದಲ ಆ್ಯಂಟಿಬಯಾಟಿಕ್ ಕೊಡತೇನಿ. ಗುಳಿಗಿ ಮುಗಿಸಿ, ಒಂದೆರಡು ತಿಂಗಳು ಬಿಟ್ಟು ಮತ್ತ ನೋಡೂಣು. ಇಳೀಲಿಲ್ಲಂದ್ರ ಬೆಳಗಾವಿಗೆ ಹೋಗಿ ಸ್ಕ್ಯಾನ್ ಮಾಡಸಬೇಕಾಗತೈತಿ."

ಗುಳಿಗೆ ನುಂಗಿದ ಮೇಲೆ ಜ್ವರ ಇಳಿಯಿತು, ಉರಿಯೂ ಹೋಯಿತು. ಕಳ್ಳನ ಮಾತು ಮಾತ್ರ ನಮ್ಮಿಬ್ಬರ ತಲೆಯಿಂದ ಹೋಗಲಿಲ್ಲ. ಒಂದು ದಿನ ಅವರು ನನ್ನನ್ನು ಅಂಗಡಿಗೆ ಕರೆದು, ಯಾವ ಗೋವಿನಜೋಳದ ಬೀಜ ಯಾವ ಹೊಲಕ್ಕೆ ಆಗುತ್ತದೆ ಎಂದು ತಿಳಿಸಿ ಹೇಳತೊಡಗಿದರು. "ನಿನಗೂ ಗೊತ್ತಿರ್ಲಿ," ಎಂದರು. ನಾನು ಚೀಲವನ್ನು ಕುಕ್ಕಿ, "ನನಗೇನೂ ಗೊತ್ತಾಗೂದ ಬ್ಯಾಡ, ನೀವ ಮಾರ್ರಿ," ಎಂದು ಎದ್ದು ಬಂದೆ. ಮನೆಗೆ ಬಂದು ಅತ್ತೆ. ಅಷ್ಟು ಭಯ ನನಗೆ ಎಂದೂ ಆಗಿರಲಿಲ್ಲ. ಜೀವನದಲ್ಲಿ ಮೊದಲ ಸಲ ದೇವರ ಮುಂದೆ ನಿಂತು ಗಾಳಿ ಬೇಡಿಕೊಂಡೆ.

ಎರಡನೆಯ ತಪಾಸಣೆಗೆ ಮೊದಲು ಮೋಟರ್‌ಸೈಕಲ್ ಹತ್ತಬಾರದು, ಅದರಿಂದಲೂ ಅಂಕಿ ಏರಬಹುದು ಎಂದು ಫರೀನ್ ಹೇಳಿದ್ದಳು. ಕೀಲಿಯನ್ನು ಜೋಳದ ಡಬ್ಬಿಯಲ್ಲಿ ಮುಚ್ಚಿಟ್ಟೆ. ರಿಪೋರ್ಟ್ ಬಂದ ದಿನ ನಾನು ದವಾಖಾನೆಯ ಬಾಗಿಲಲ್ಲೇ ನಿಂತುಬಿಟ್ಟೆ. ಫರೀನ್ ತಾನೇ ಎದ್ದು ಬಂದಳು.

"ಗಾಳೀನರಿ ಕಾಕಾ. ಪೂರಾ ಇಳದೈತಿ. ಆರು ತಿಂಗಳಿಗೊಮ್ಮೆ ಬಂದು ತೋರ್ಸ್ಕೊಂಡ ಹೋಗ್ರಿ, ಸಾಕು."

ಅವರು ಅವಳ ತಲೆಯ ಮೇಲೆ ಕೈಯಿಟ್ಟರು. ನಾನು ಅಲ್ಲೇ ಬೆಂಚಿನ ಮೇಲೆ ಕುಳಿತು ಸುಧಾರಿಸಿಕೊಂಡೆ. ಆಮೇಲೆ ಬಸ್‌ಸ್ಟ್ಯಾಂಡಿನ ಎದುರು ಇಬ್ಬರೂ ಮಿರ್ಚಿ ಭಜಿ ತಿಂದೆವು. ಅಷ್ಟು ರುಚಿಯ ಭಜಿಯನ್ನು ನಾನು ಮತ್ತೆಂದೂ ತಿಂದಿಲ್ಲ.

ಓಣಿಯಲ್ಲಿ ಕರೆವ್ವ ಕಾದಿದ್ದಳು. "ಕಲ್ಲ ಬಿತ್ತೇನರಿ?"

"ಬಿತ್ತವಾ," ಎಂದರು ನಮ್ಮವರು.

"ನನ್ನ ಬಾಳಿದಿಂಡ ಅಂದ್ರ ಏನಂತ ತಿಳದೀರಿ?" ಎಂದು ಅವಳು ಓಣಿಗೆಲ್ಲ ಹೇಳಿಕೊಂಡು ಬಂದಳು. ಬಂದ ಕಂಟಕ ಕಳೆದಿತ್ತು, ಯಾರಿಗೆ ಹೆಸರು ಬಂದರೆ ನನಗೇನು.

ಸಂತೆಯ ದಿನ ಸುರೇಬಾನದಿಂದ ಇವರ ಗೆಳೆಯ ಕಾಡಪ್ಪ ಅಂಗಡಿಗೆ ಬಂದ. ಚಹಾ ಕುಡಿಯುವಷ್ಟರಲ್ಲಿ ಎರಡು ಸಲ ಹಿತ್ತಲಿಗೆ ಹೋಗಿ ಬಂದ. ಆಮೇಲೆ ದನಿ ತಗ್ಗಿಸಿದ.

"ದೋಸ್ತ, ನಿನಗ ಬಾಳಿದಿಂಡ ಕೊಟ್ಟಾಕಿ ಯಾರೋ? ನನಗೂ ಕಲ್ಲ ಆಗೇತಿ. ವರ್ಷ ಆತು."

ನಮ್ಮವರ ಕೈಯಲ್ಲಿದ್ದ ಚಹಾದ ಬಸಿ ಕೆಳಗಿಳಿಯಿತು. ತಮ್ಮ ಸುಳ್ಳನ್ನೇ ಗೆಳೆಯನ ಬಾಯಲ್ಲಿ ಕೇಳಿ ಅವರ ಮುಖ ಸಣ್ಣದಾಯಿತು. "ನನಗ ಕಲ್ಲ ಆಗಿರಲಿಲ್ಲೋ ಕಾಡಪ್ಪ. ಏಳು, ಹೋಗೂಣು."

ನಾನೂ ಬೆನ್ನಿಗೆ ಹೋದೆ. ಬಿಟ್ಟರೆ ಇಬ್ಬರೂ ಭಜಿ ತಿಂದು ಹಾಗೆಯೇ ತಿರುಗಿ ಬರುವ ಪೈಕಿ.

"ಏನ್ ತ್ರಾಸ ಐತ್ರಿ?" ಎಂದು ಫರೀನ್ ಕೇಳಿದಳು.

"ಹೊಟ್ಟಿ ಒಂದೀಟ..." ಎನ್ನುತ್ತ ಕಾಡಪ್ಪ ಗೋಡೆಯ ಕ್ಯಾಲೆಂಡರ್ ನೋಡತೊಡಗಿದ.

ಹೇಳಿಬಿಡೋಣವೆಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ನಮ್ಮವರು ಕುರ್ಚಿಯನ್ನು ಮುಂದಕ್ಕೆ ಸರಿಸಿದರು.

"ಹೊಟ್ಟಿ ಅಲ್ಲವಾ. ಮೂತ್ರದ ತ್ರಾಸ, ನನಗ ಆಗಿತ್ತಲ್ಲ, ಅದ. ವರ್ಷದಿಂದ ಮುಚ್ಚಿಟ್ಟಾನ. ಎಲ್ಲಾ ತಪಾಸಣಿ ಮಾಡು, ನಾ ಇಲ್ಲೇ ಕುಂತಿರತೇನಿ."

ನಾನು ತೆರೆದ ಬಾಯಿ ಮುಚ್ಚಿಕೊಂಡೆ.