ಮಿಕ್ಕಿದ್ದ ಹನಿ

ಕಣಕಟ್ಟೆಯಿಂದ ಅರಸೀಕೆರೆಗೆ ಬರುವ ಬಸ್ಸಿನಲ್ಲಿ ಕಾಂತಮ್ಮ ಸೊಸೆಯ ಮುಖ ನೋಡಲೇ ಇಲ್ಲ. ಅರುಣಾಳ ಬಲಗಣ್ಣಿನ ಗುಡ್ಡೆಯ ಮೇಲೆ ಬಿಳಿ ಚುಕ್ಕೆಯೊಂದು ಎದ್ದು ದಿನೇದಿನೇ ಅಗಲವಾಗುತ್ತಿತ್ತು. 

ಅಟ್ಟದಲ್ಲಿ ವರ್ಷವಿಡೀ ಒಣಗಿದ ಕಾಯಿ ಇಳಿಸಿ ಸುಲಿಸುವಾಗ ನಾರಿನ ಚೂರು ಸಿಡಿದು ಕಣ್ಣಿಗೆ ಬಿದ್ದಿತ್ತು, ಅಷ್ಟೆ. ಕೊಬ್ಬರಿ ಮಾಡುವ ಮನೆಯಲ್ಲಿ ಇದನ್ನು ಯಾರು ದೊಡ್ಡದು ಮಾಡುತ್ತಾರೆ? ತನ್ನ ಪೊರೆ ಆಪರೇಷನ್ ಆದಾಗ ಕೊಟ್ಟಿದ್ದ ಹನಿ ಔಷಧಿಯನ್ನು ಕಾಂತಮ್ಮ ದೇವರ ಗೂಡಿನಲ್ಲಿ ಜೋಪಾನವಾಗಿ ಇಟ್ಟಿದ್ದಳು. ತನಗೆ ಲೋಕ ಕಾಣಿಸಿದ ಔಷಧಿ ಸೊಸೆಗೇಕೆ ಆಗಬಾರದು? ಹಾಕಿದಳು. ಕೆಂಪು ಇಳಿಯಿತು, ನೋವೂ ಇಳಿಯಿತು. ಜಂಬದಿಂದ ಮತ್ತೆ ಮತ್ತೆ ಹಾಕಿದಳು. ಪುಣ್ಯಾತ್ಗಿತ್ತಿ, ಶೀಶೆ ಬರಿದಾಗುವವರೆಗೂ ಬಿಡಲಿಲ್ಲ.

ಅರಸೀಕೆರೆಯ ಆಸ್ಪತ್ರೆಯಲ್ಲಿ ಡಾಕ್ಟರ್ ಅಕ್ಷತಾ ಬೆಳಕು ಬಿಟ್ಟು ನೋಡಿ, ಕಣ್ಣಿನ ಮುಂದಿನ ತಿಳಿಯಾದ ಪದರ ಕರಗುತ್ತಿದೆ ಎಂದರು. ಗಾಯವಾದಾಗ ಹರಿದ ಎಳೆಗಳನ್ನು ಕತ್ತರಿಸಿ ತೆಗೆದು, ಹೊಸದು ಹೆಣೆಯಲು ಜಾಗ ಮಾಡಿಕೊಡುವ ಕಿಣ್ವಗಳು ನಮ್ಮ ಮೈಯಲ್ಲೇ ಇವೆಯಂತೆ. ಈಗ ಅವು ಹದ್ದು ಮೀರಿ ಒಳ್ಳೆಯ ಪದರವನ್ನೂ ತಿನ್ನುತ್ತಿವೆಯಂತೆ. ತೂತು ಬಿದ್ದರೆ ಕಣ್ಣು ಹೋದಂತೆಯೇ. ಮನೆಯಲ್ಲಿ ಏನಾದರೂ ಹಾಕಿದ್ದಿರಾ ಎಂದು ಕೇಳಿದರು.

"ಏನೂ ಇಲ್ಲ ಡಾಕ್ಟ್ರೇ" ಎಂದಳು ಅರುಣಾ, ಅತ್ತೆಯ ಕಡೆ ತಿರುಗದೆ.

ಕಾಂತಮ್ಮನಿಗೆ ಅರ್ಥವಾಯಿತು. ಅತ್ತೆಯ ಮರ್ಯಾದೆ ಕಾಯಲು ಹುಡುಗಿ ತನ್ನ ಕಣ್ಣನ್ನೇ ಪಣಕ್ಕಿಟ್ಟಿದ್ದಾಳೆ. ಬಾಯಿ ಬಿಟ್ಟರೆ ಮಗ ಬಸವಕುಮಾರ್ ಈ ಜನ್ಮದಲ್ಲಿ ಕ್ಷಮಿಸುವುದಿಲ್ಲ, ಬಾಗಿಲಲ್ಲೇ ನಿಂತಿದ್ದಾನೆ. ಕಾಂತಮ್ಮ ಡಾಕ್ಟರ್ ಕಡೆಗೆ ಒಂದು ಹೆಜ್ಜೆ ಮುಂದೆ ಬಂದಳು.

"ನಾನೇ ಹಾಕ್ದೆ ಕಣಮ್ಮ. ನನ್ ಆಪರೇಷನ್‌ದು ಹನಿ ಮಿಕ್ಕಿತ್ತು."

ಡಾಕ್ಟರ್ ಬೈಯಲಿಲ್ಲ. ಬೈದಿದ್ದರೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ. ನಾರಿನ ಜೊತೆ ಹೊಕ್ಕ ಬೂಷ್ಟು, ಕೆಂಪು ನೋವನ್ನಷ್ಟೇ ಅಡಗಿಸುವ ಆ ಹನಿಯ ಮರೆಯಲ್ಲೇ ಬೆಳೆದಿರಬೇಕು ಎಂದವರು ಬರೆಯಲು ಹೊರಟಿದ್ದ ಚಿಕಿತ್ಸೆಯನ್ನೇ ಬದಲಿಸಿದರು: ಕಿಣ್ವಗಳನ್ನು ತಡೆಯಲು ಮಾತ್ರೆ, ಬೂಷ್ಟಿಗೆ ಗಂಟೆಗೊಮ್ಮೆ ಬೇರೆ ಹನಿ. ಕಣ್ಣು ಉಳಿಯುತ್ತದೆಯೋ ಇಲ್ಲವೋ ಈಗಲೇ ಹೇಳಲಾರೆ ಎಂದರು.

ವಾರ್ಡಿನಲ್ಲಿ ಬಸವಕುಮಾರ್ ಹೊಸ ಶೀಶೆಯನ್ನು ತಾಯಿಯ ಕೈಗೆ ಸಿಗದಂತೆ ಜೇಬಿಗೆ ಹಾಕಿಕೊಂಡ. ಹೊತ್ತಾದಾಗ ಅರುಣಾ ಅದನ್ನು ಇಸಿದುಕೊಂಡು ಅತ್ತೆಗೆ ಕೊಟ್ಟಳು.

"ನೀವೇ ಹಾಕಿ ಅತ್ತೆ. ಇವ್ರ ಕೈ ನಡುಗುತ್ತೆ."

ಕಾಂತಮ್ಮ ಶೀಶೆಯ ಮೇಲಿನ ಹೆಸರನ್ನು ಮಗನಿಂದ ಓದಿಸಿ, ಮತ್ತೊಮ್ಮೆ ಓದಿಸಿ, ಹನಿ ಬಿಟ್ಟಳು. ಏನಾದರೂ ಕಾಣುತ್ತದೆಯೇ ಎಂದು ಕೇಳಲು ಧೈರ್ಯ ಬರಲಿಲ್ಲ. ಅರುಣಾ ಅತ್ತೆಯ ಕೈ ಹಿಡಿದುಕೊಂಡು ತಾನೇ ಹೇಳಿದಳು:

"ಇನ್ನೂ ಇಲ್ಲ."