ಮಣಿಕಟ್ಟಿನ ಕೆಳಗಿನ ಕತ್ತಲು

ಟಕ್ — ಮತ್ತೆ ಅದೇ ಸದ್ದು, ಗಿಣಿಯ ಎಡಗೈ ಬ್ರೇಸ್‌ಲೆಟ್ಟು ಮೀಟಿಂಗ್ ರೂಮಿನ ಮೇಜಿನ ಉಕ್ಕಿನ ಅಂಚಿಗೆ ತಾನಾಗಿ ಅಂಟಿಕೊಳ್ಳುವ ಸದ್ದು, ಅಂಟುತ್ತದೆ, ಗಿಣಿ ಕಿತ್ತುಕೊಳ್ಳುತ್ತಾಳೆ, ಮಾತಾಡುತ್ತಾಳೆ, ಮತ್ತೆ ಟಕ್, ಅದರ ಕೊಂಡಿಯೊಳಗೆ ಮ್ಯಾಗ್ನೆಟ್ ಇದೆ, ಒಂದೇ ಕೈಯಲ್ಲಿ ಹಾಕ್ಕೋಬಹುದು ಸಾರ್ ಅಂತ ಅಂಗಡಿಯವನು ಹೇಳಿದನಂತೆ ಅದನ್ನು ಗಿಣಿಗೆ ಕೊಡಿಸಿದ ಇವಳ ಅಣ್ಣನಿಗೆ, ಅಣ್ಣ ಅದನ್ನು ಊಟಕ್ಕೆ ಕೂತಾಗ ಅಮ್ಮನಿಗೆ ಹೇಳಿದ್ದು, ಇವಳಿಗಲ್ಲ, ಇವಳು ತಟ್ಟೆ ನೋಡುತ್ತಾ ಕೂತಿದ್ದಳು — ಇಷ್ಟು ವರ್ಷದಲ್ಲಿ ತಂಗಿಗೆ ಒಂದು ಹೇರ್‌ಪಿನ್ನನ್ನೂ ತಂದುಕೊಡದ ಅಣ್ಣ, ಇವಳನ್ನು ಮನೆಗೆ ಕರೆದೊಯ್ಯಲು ಆಫೀಸಿನ ಬಾಗಿಲಿಗೆ ಬಂದವನು ಗಿಣಿಯ ಜೊತೆ ಮಾತಿಗೆ ನಿಂತ, ನಿಂತವನು ನಿಂತೇಬಿಟ್ಟ, ಈಗ ಮದುವೆಯವರೆಗೂ ಬಂದಿದೆ ಮಾತು, ಅಕ್ಕಾ ಅಂತ ನಾನು ಈಗ ಕರೀತೀನಿ, ಆಮೇಲೆ ನೀನೇ ನನ್ನನ್ನ ಅತ್ತಿಗೆ ಅನ್ನಬೇಕು, ನೋಡು ಹೇಗಿದೆ ಬಡ್ತಿ, ಅಂತ ಗಿಣಿ ನಕ್ಕಾಗ ಕ್ಯಾಂಟೀನಿಗೆ ಕ್ಯಾಂಟೀನೇ ನಕ್ಕಿತು, ಇವಳೂ ನಕ್ಕಳು, ತುಟಿಯಷ್ಟೇ. ಬಾಯಿಗೆ ಬೀಗವಿಲ್ಲ ಅಂತ ಅವಳು ಗಿಣಿ, ಇವಳಿಗಿಟ್ಟಿರುವ ಹೆಸರು ಮ್ಯೂಟ್, ಎರಡೂ ಪ್ರೀತಿಯ ಹೆಸರೇ ಅನ್ನುತ್ತಾರೆ, ಹಾಗಿದ್ದರೆ ಬದಲಾಯಿಸಿಕೊಳ್ಳಲಿ ನೋಡೋಣ.

ಮೇಜಿನ ಮೇಲೆ ಎರಡು ಮಾದರಿ, ತೊಡೆಯ ಮೇಲಿಟ್ಟರೆ ಲ್ಯಾಪ್‌ಟಾಪು, ಕೈಗೆತ್ತಿಕೊಂಡರೆ ಟ್ಯಾಬ್ಲೆಟ್ಟು, ಅಪ್ಪ ಕೇಳಿದೊಡನೆ ಅಂದರಲ್ಲ, ಇದು ಬಾವಲಿ ಕಣಮ್ಮ, ಅತ್ತ ಹಕ್ಕಿಯೂ ಅಲ್ಲ ಇತ್ತ ಪ್ರಾಣಿಯೂ ಅಲ್ಲ — ಗಿಣಿಯದರಲ್ಲಿ ಪರದೆ ಕಳಚಿ ಕೈಗೆ ಬರುತ್ತದೆ, ಇವಳದರಲ್ಲಿ ಕಳಚುವುದಿಲ್ಲ, ಇಡೀ ಸುತ್ತು ಹಿಂದಕ್ಕೆ ತಿರುಗಿ ಕೀಬೋರ್ಡಿನ ಬೆನ್ನಿಗೆ ಬೆನ್ನು ಕೊಟ್ಟು ಮಲಗುತ್ತದೆ, ಕಂಪನಿ ಮಾಡುವುದು ಒಂದನ್ನೇ, ಯಾವುದನ್ನ ಅಂತ ಇವತ್ತು ಸ್ಕೇಲ್ ಸಾರ್ ಹೇಳುತ್ತಾರೆ, ಉಕ್ಕಿನ ಸ್ಕೇಲು ಜೇಬಿನಲ್ಲಿಲ್ಲದೆ ಊಟಕ್ಕೂ ಹೋಗದ ಯಜಮಾನರು. ಆ ಕೀಲು ಇವಳದು. ಇವಳದು ಅಂತ ಈ ಲೋಕದಲ್ಲಿ ಏನಾದರೂ ಇದ್ದರೆ ಆ ಕೀಲು. ಒಂದೇ ಬೆರಳಲ್ಲಿ ಮುಚ್ಚಳ ಎತ್ತಿದರೆ ಕೆಳಗಿನ ಭಾಗ ಜೊತೆಗೆ ಎದ್ದು ಬರಬಾರದು, ಹಾಗಂತ ಸಡಿಲವಾದರೆ ಬಸ್ಸಿನಲ್ಲಿ ಪರದೆ ತಲೆದೂಗುತ್ತದೆ, ಬಿಗಿಯೂ ಬೇಕು ಬಾಗಲೂ ಬೇಕು, ಅದನ್ನು ಹದ ಮಾಡುವಷ್ಟರಲ್ಲಿ ಇವಳ ತೋರುಬೆರಳ ತುದಿ ಒರಟಾಗಿ ಹೋಗಿತ್ತು, ಅಮ್ಮ ಕೇಳಲಿಲ್ಲ, ಅಮ್ಮ ಈಗ ಕೇಳುವುದೆಲ್ಲ ಗಿಣಿಗೆ ಯಾವ ಬಣ್ಣ ಇಷ್ಟ ಅಂತ. ಆ ಹುಡುಗಿ ಮನೆಗೆ ಬಂದರೆ ದೀಪ ಹಚ್ಚಿದ ಹಾಗಿರತ್ತೆ, ನೀನೂ ಇದೀಯ, ಬಾಯಿ ಬಿಟ್ಟರೆ ಮುತ್ತು ಉದುರಿಹೋಗತ್ತಾ.

ಮುತ್ತಲ್ಲ ಅಮ್ಮ, ಬೇರೇನೋ ಇದೆ ಬಾಯಲ್ಲಿ, ಹೋದ ವಾರದಿಂದ ಇದೆ. ಮುಚ್ಚಳದ ಎಡಮೂಲೆಯಲ್ಲಿ ಅಕ್ಕಿಕಾಳಿನಷ್ಟು ಮ್ಯಾಗ್ನೆಟ್ಟು, ಕೆಳಗೆ ಅದಕ್ಕೆ ಸರಿಯಾಗಿ, ಟೈಪ್ ಮಾಡುವಾಗ ಎಡ ಮಣಿಕಟ್ಟು ಊರುವ ಜಾಗದಲ್ಲಿ, ಒಂದು ಸೆನ್ಸರು, ಮ್ಯಾಗ್ನೆಟ್ಟು ಹತ್ತಿರ ಬಂತೆಂದರೆ ಯಂತ್ರ ತಿಳಿಯುತ್ತದೆ ಮುಚ್ಚಳ ಮುಚ್ಚಿದರು, ಮಲಗೋಣ ಅಂತ, ಎರಡೂ ಮಾದರಿಗೆ ಒಳಗಿನ ಬೋರ್ಡು ಒಂದೇ, ಸೆನ್ಸರಿನ ಜಾಗವೂ ಒಂದೇ — ಹೋದ ವಾರ ಗಿಣಿ ಹರಟುತ್ತಾ ಇವಳ ಮಾದರಿಯ ಮೇಲೆ ಕೈಯೂರಿದಳು, ಪರದೆ ಕಪ್ಪಾಯಿತು, ಇದಕ್ಕೂ ನಿದ್ದೆ ಬಂತು ನೋಡಕ್ಕಾ ಅಂತ ಹೇಳಿ ಎದ್ದು ಹೋದಳು, ಇವಳು ಫ್ರಿಜ್ಜಿನ ಬಾಗಿಲಿಗಂಟಿಸುವ ಮ್ಯಾಗ್ನೆಟ್ ತಂದು ಅದೇ ಜಾಗದಲ್ಲಿಟ್ಟು ನೋಡಿದಳು, ಕಪ್ಪು, ಎತ್ತಿದಳು, ಬೆಳಕು, ಇಟ್ಟಳು, ಕಪ್ಪು, ಆ ಕಪ್ಪು ಗಾಜಿನಲ್ಲಿ ತನ್ನ ಮುಖ ನಗುತ್ತಿತ್ತು. ಹೇಳಬೇಕಿತ್ತು. ಸೋಮವಾರ ಹೇಳೋಣ ಅಂದುಕೊಂಡಳು, ಸೋಮವಾರ ಗಿಣಿ ಅಮ್ಮನ ಜೊತೆ ಸೀರೆ ನೋಡಲು ಹೋದಳು, ಬೂದಿ ಮುಚ್ಚಿದ ಕೆಂಡ ಅಂತಾರಲ್ಲ, ಬೂದಿ ಯಾಕೆ ಬೇಕು, ಸುಮ್ಮನಿದ್ದರೆ ಸಾಕು, ಮ್ಯೂಟ್ ಸುಮ್ಮನಿದ್ದರೆ ಯಾರಿಗೆ ಅನುಮಾನ. ಇವತ್ತು ಅವಳೇ ಎಲ್ಲರೆದುರು ಕೈಯೂರಲಿ, ಅಣ್ಣ ಕೊಟ್ಟ ಉಡುಗೊರೆಯೇ ಅವಳ ಪರದೆಯನ್ನು ಆರಿಸಲಿ.

ಗಿಣಿ ಏಳುತ್ತಾಳೆ, ಈಗ, ಇನ್ನೇನು — ಅಕ್ಕಾ, ಇದು ಪರದೆ ಗೀರತ್ತೆ, ಸ್ವಲ್ಪ ಇಟ್ಕೊಂಡಿರು, ಅಂತ ಬ್ರೇಸ್‌ಲೆಟ್ ಬಿಚ್ಚಿ ಇವಳ ಅಂಗೈಗೆ ಹಾಕಿ ಹೊರಟೇಹೋದಳು, ಇನ್ನೂ ಮೈಶಾಖ ಇದೆ ಅದರಲ್ಲಿ, ಹಣೆಬರಹ ಅಂದರೆ ಇದು, ಅದೃಷ್ಟ ಕೂಡ ಅವಳಿಗೇ ಅಕ್ಕಾ ಅನ್ನುತ್ತದೆ. ಗಿಣಿ ಪರದೆ ಕಳಚಿದಳು, ಗಾಳಿಯಲ್ಲಾಡಿಸಿದಳು, ನಗಿಸಿದಳು, ಮತ್ತೆ ಸೇರಿಸಿದಳು, ಎರಡನೇ ಸಲ ಸೇರಿಸುವಾಗ ಕೊಕ್ಕೆ ಸಿಗದೆ ತಡಕಾಡಿದಳು, ಅದಕ್ಕೂ ಒಂದು ಚಟಾಕಿ, ಸ್ಕೇಲ್ ಸಾರ್ ಮಾತ್ರ ನಗಲಿಲ್ಲ. ಮೇಜಿನ ಕೆಳಗೆ ಇವಳ ಬಲಗೈ ಎಡಗೈಗೆ ಅದನ್ನು ಸುತ್ತುತ್ತಿದೆ, ಸುಮ್ಮನೆ, ನೋಡೋಣ ಅಂತ, ತನ್ನ ಕೈಗಾದರೆ ಹೇಗಿರುತ್ತದೆ, ಅಣ್ಣ ತನಗೆ ತಂದಿದ್ದರೆ ಹೇಗಿರುತ್ತಿತ್ತು, ಎರಡು ತುದಿ ಹತ್ತಿರ ತಂದರೆ ಸಾಕು, ಉಳಿದದ್ದನ್ನು ಅದೇ ಮಾಡಿಕೊಂಡಿತು, ಟಕ್. ಚೆನ್ನಾಗೇ ಇತ್ತು. ಅವಳಿಗಿಂತ ಚೆನ್ನಾಗಿತ್ತು.

ಮ್ಯೂಟ್, ಬಾಮ್ಮ. ಎದ್ದಳು, ಅಂಗಿಯ ತೋಳು ಜಾರಿ ಮಣಿಕಟ್ಟನ್ನೂ ಬ್ರೇಸ್‌ಲೆಟ್ಟನ್ನೂ ಮುಚ್ಚಿತು, ಮನಸ್ಸು ಪೂರ್ತಿ ಬೆರಳ ತುದಿಯಲ್ಲಿ, ಒಂದೇ ಬೆರಳು, ಮುಚ್ಚಳ ಎದ್ದಿತು, ಕೆಳಭಾಗ ಮಿಸುಕಲಿಲ್ಲ, ಸ್ಕೇಲ್ ಸಾರ್ ಸ್ಕೇಲನ್ನು ಮೇಜಿನ ಮೇಲಿಟ್ಟರು, ಅವರು ಸ್ಕೇಲು ಕೆಳಗಿಟ್ಟರೆಂದರೆ ಒಪ್ಪಿದರೆಂದು ಆಫೀಸಿಗೆಲ್ಲ ಗೊತ್ತು, ಹಿಂದಕ್ಕೆ ತಿರುಗಿಸಿದಳು, ಟ್ಯಾಬ್ಲೆಟ್ಟು, ಮುಂದಕ್ಕೆ, ಲ್ಯಾಪ್‌ಟಾಪು, ಬೆಣ್ಣೆಯ ಹಾಗೆ, ಈಗ ಟೈಪ್ ಮಾಡಿ ತೋರಿಸಮ್ಮ, ಎರಡೂ ಕೈ ಊರಿದಳು — ಕಪ್ಪು. ಕೈ ಎತ್ತಿದಳು, ಬೆಳಕು. ಊರಿದಳು, ಕಪ್ಪು. ಯಾಕಮ್ಮ, ಚಾರ್ಜ್ ಇಲ್ವಾ. ಇದೆ ಸಾರ್. ಮತ್ತೆ ಏನಮ್ಮ. ಗೊತ್ತು, ಇವಳಿಗಷ್ಟೇ ಗೊತ್ತು, ಹೇಳಿದರೆ ಕೀಲು ಉಳಿಯುತ್ತದೆ, ಹೇಳಬೇಕೆಂದರೆ ತೋಳು ಸರಿಸಬೇಕು, ಅತ್ತಿಗೆಯಾಗುವವಳ ಒಡವೆ ತನ್ನ ಕೈಯಲ್ಲಿ ಏನು ಮಾಡುತ್ತಿದೆ ಅಂತ ಹೇಳಬೇಕು, ಸ್ಕೇಲ್ ಸಾರ್ ಕೈ ಸ್ಕೇಲಿನತ್ತ ಹೋಗುತ್ತಿದೆ — ಗಿಣಿ ನೋಡುತ್ತಿದ್ದಾಳೆ, ಮುಖವನ್ನಲ್ಲ, ತೋಳನ್ನು. ಸಾರ್, ಅಕ್ಕನದು ತಪ್ಪಿಲ್ಲ, ನಂದೇ, ನನ್ನ ಬ್ರೇಸ್‌ಲೆಟ್ಟನ್ನ ನಾನೇ ಅವಳ ಕೈಗೆ ಹಾಕಿದ್ದೆ, ಅದರಲ್ಲಿ ಮ್ಯಾಗ್ನೆಟ್ ಇದೆ, ಅಲ್ಲೇ ಕೆಳಗೆ ಸೆನ್ಸರ್, ಹೋದ ವಾರನೂ ಹೀಗೇ ಆಗಿತ್ತು, ನನಗೆ ಈಗ ಹೊಳೀತು ಸಾರ್.

ನಾನೇ ಹಾಕಿದ್ದೆ. ಎಷ್ಟು ಸಲೀಸಾಗಿ ಬಂತು ಸುಳ್ಳು, ಯಾರಿಗೋಸ್ಕರ, ಬೈದಿದ್ದರೆ ಆಗುತ್ತಿತ್ತು, ಬೈದಿದ್ದರೆ ನಾಳೆಗೂ ಉರಿಯಲು ಏನಾದರೂ ಉಳಿಯುತ್ತಿತ್ತು. ಸ್ಕೇಲ್ ಸಾರ್ ಎರಡು ಸಲ ಪರೀಕ್ಷಿಸಿದರು, ನಕ್ಕರು, ಇದು ಮಾರ್ಕೆಟ್ಟಿಗೆ ಹೋದಮೇಲೆ ಗೊತ್ತಾಗಿದ್ರೆ ನಮ್ಮ ಕಥೆ ಮುಗೀತಿತ್ತು, ಭೇಷ್ ಗಿಣಿ, ಮಾದರಿ ಮ್ಯೂಟ್‌ದೇ ಇರಲಿ, ಕೀಲು ಚೆನ್ನಾಗಿದೆ, ಸೆನ್ಸರಿನ ಜಾಗ ಬದಲಾಯಿಸೋದು ಗಿಣಿ ನೋಡ್ಕೊಳ್ಳಲಿ, ಇಬ್ಬರೂ ಸೇರಿ ಮಾಡಿ, ಹೇಗೂ ಮನೆಯವರಾಗ್ತೀರಿ. ಚಪ್ಪಾಳೆ. ಗೆದ್ದದ್ದು ಇವಳು, ಚಪ್ಪಾಳೆ ಯಾವ ಕಡೆ ತಿರುಗಿದೆ ಅಂತ ಕಿವಿಗೆ ಗೊತ್ತಾಗುತ್ತದೆ, ನನಗೆ ಮೊದಲೇ ಗೊತ್ತಿತ್ತು ಅನ್ನೋಣವೇ, ಗೊತ್ತಿದ್ದೂ ಯಾಕಮ್ಮ ಹೇಳಲಿಲ್ಲ ಅನ್ನುತ್ತಾರೆ. ಕೊಡಕ್ಕಾ, ಅಂತ ಗಿಣಿ ಮೆಲ್ಲಗೆ ಕೈಚಾಚಿದ್ದಾಳೆ, ಅವಳ ಬರಿ ಮಣಿಕಟ್ಟಿನ ಮೇಲೆ ಬ್ರೇಸ್‌ಲೆಟ್ಟಿನ ತೆಳ್ಳನೆ ಗುರುತು, ಇವಳು ಕೊಂಡಿ ಎಳೆಯುತ್ತಾಳೆ, ಬೆರಳು ಬೆವೆತಿದೆ, ಬಿಚ್ಚಿತು, ಜಾರಿತು, ಚಾಚಿದ ಕೈಗೆ ಹೋಗಲಿಲ್ಲ — ಟಕ್ — ಇವಳ ಯಂತ್ರದ ಕೆಳಭಾಗದ ಉಕ್ಕಿನ ಅಂಚಿಗೆ, ಸೆನ್ಸರಿರುವ ಎಡಮೂಲೆಗೆ, ಹಾರಿ ಅಂಟಿಕೊಂಡಿತು, ಪರದೆ ಕಪ್ಪು, ಆ ಕಪ್ಪಿನಲ್ಲಿ ಇವಳ ಮುಖ, ಅದರ ಹಿಂದೆ ಗಿಣಿಯ ಮುಖ, ಅಂಚಿನಲ್ಲಿ ಹೊಳೆಯುತ್ತಾ ಅದು, ತೆಗಿ ಅಕ್ಕಾ, ತೆಗಿ, ಕಪ್ಪು ಗಾಜು, ಅಂಚಿಗಂಟಿ ಹೊಳೆಯುತ್ತಿರುವ ಅದು, ಅದು.