ಟಿಪ್ಪಣಿಗೆ ಜಾಗವಿಲ್ಲ

ಬುದ್ಧಿ ನೆಟ್ಟಗಿರುವುದು ಹೆಚ್ಚೆಂದರೆ ಇನ್ನೊಂದು ವರ್ಷ ಎಂದು ವೈದ್ಯರು ಹೇಳಿದ ವಾರವೇ ನಿವೃತ್ತ ಲಿಫ್ಟ್ ಮೆಕ್ಯಾನಿಕ್ ಅಟ್ಟದಿಂದ ತನ್ನ ಹಳೆಯ ಕಂಪ್ಯೂಟರನ್ನು ಇಳಿಸಿದ. ಕೀಬೋರ್ಡಿನೊಳಗೇ ಇಡೀ ಯಂತ್ರ ಅಡಗಿರುವ, ಟಿವಿಗೆ ಸಿಕ್ಕಿಸಿ ಕ್ಯಾಸೆಟ್ ಪ್ಲೇಯರಿನಿಂದ ಉಣಿಸಬೇಕಾದ ಮುದುಕ ಅದು. ಜೊತೆಗಿದ್ದ ಕ್ಯಾಸೆಟ್ಟಿನಲ್ಲಿ ಅವನು ಪ್ರಾಯದಲ್ಲಿ ಅರ್ಧ ಬರೆದು ಬಿಟ್ಟ ಆಟವೊಂದಿತ್ತು: ಏಳು ಮಹಡಿ, ಒಂದು ಲಿಫ್ಟು, ತಾಳ್ಮೆಯಿಲ್ಲದ ಜನ. ತಲೆ ಕೈಕೊಡುವ ಮೊದಲು ಅದನ್ನು ಮುಗಿಸಬೇಕೆಂದು ಹಠ. ಜೀವಮಾನವಿಡೀ ಲಿಫ್ಟಿನಲ್ಲಿ ಸಿಕ್ಕಿಬಿದ್ದವರ ಬೈಗುಳ ತಿಂದವನಿಗೆ ಮತ್ತೆ ಅವರೇ ಏಕೆ ಬೇಕಾದರೆಂದು ಹೆಂಡತಿ ಕೇಳಲಿಲ್ಲ.

ಬರೆದ ಆದೇಶಗಳನ್ನು ಯಂತ್ರಕ್ಕೆ ತಿಳಿಯುವ ಅಂಕಿಗಳಾಗಿಸಲು ಅಸೆಂಬ್ಲರ್ ಎಂಬ ತಂತ್ರಾಂಶ ಬೇಕು. ಯಾವುದು ಎಂಬಲ್ಲಿ ಜಗಳ ಹತ್ತಿತು. ಮುದ್ರಣಾಲಯದಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಅವನ ತಮ್ಮ ಲ್ಯಾಪ್‌ಟಾಪ್ ಹೊತ್ತು ಬಂದಿದ್ದ.

“ಇದ್ರಲ್ಲಿ ಬರಿ ಅಣ್ಣ. ಚಿಟಿಕೆ ಹೊಡೆಯೋದ್ರೊಳಗೆ ಅಂಕಿ ಮಾಡಿಕೊಡುತ್ತೆ. ಆಮೇಲೆ ನಿನ್ನ ಮುದುಕನಿಗೆ ದಾಟಿಸಿದ್ರಾಯ್ತು.”

“ನನ್ನ ಅಸೆಂಬ್ಲರ್ ಕ್ಯಾಸೆಟ್ಟಲ್ಲೇ ಇದೆ. ನನಗಿನ್ನೂ ಕಾಲಿದೆ, ನಿನ್ನ ಹೆಗಲೇರಲ್ಲ.”

“ಅದೂ ನಿನ್ನ ಬರಹಾನೂ ಒಟ್ಟಿಗೆ ಈ ಡಬ್ಬಿ ಮೆಮೊರೀಲಿ ಹಿಡಿಯಲ್ಲ.”

“ಹಿಡಿಸ್ತೀನಿ. ಟಿಪ್ಪಣಿ ಕಿತ್ತುಹಾಕಿದ್ರೆ ಬೇಕಾದಷ್ಟು ಜಾಗ.”

ಒಂದೊಂದು ಸಾಲು ಏನು ಮಾಡುತ್ತದೆಂದು ಪಕ್ಕದಲ್ಲಿ ಮಾತಿನಲ್ಲಿ ಬರೆದಿಟ್ಟ ಟಿಪ್ಪಣಿಗಳು ಅವು. ಯಂತ್ರಕ್ಕೆ ಬೇಡ, ಓದುವವನಿಗೆ ಬೇಕು.

“ಟಿಪ್ಪಣಿ ಇಲ್ದೆ ನಾಳೆ ನೀನೇ...” ತಮ್ಮ ಲ್ಯಾಪ್‌ಟಾಪಿನ ಮುಚ್ಚಳ ಹಾಕಿದ.

“ನಾನೇ ಏನು? ನಾನು ಬರೆದದ್ದು ನನಗೆ ಗೊತ್ತಾಗಲ್ವಾ?”

ತಮ್ಮ ಅಡುಗೆಮನೆಗೆ ಹೋಗಿ ಪಿಸುಗುಟ್ಟಿದ. “ಅತ್ತಿಗೆ, ನೀವಾದ್ರೂ ಹೇಳಿ.”

“ಗಾಡಿ ಕೀ ಕಿತ್ಕೊಂಡ್ವಿ. ಒಲೆ ಮುಟ್ಟಬೇಡಿ ಅಂದ್ವಿ. ಮೊನ್ನೆ ಬಚ್ಚಲ ಚಿಲಕಾನೂ ತೆಗೆಸಿದೆ. ಇದೊಂದನ್ನಾದ್ರೂ ಅವರಿಷ್ಟಕ್ಕೆ ಬಿಡಪ್ಪ.”

ತಮ್ಮ ಮುಖ ಊದಿಸಿಕೊಂಡು ಲ್ಯಾಪ್‌ಟಾಪ್ ಎತ್ತಿಕೊಂಡು ಹೊರಟ. ಮೆಕ್ಯಾನಿಕ್ ನಾಲ್ಕು ದಿನ ಕೂತು, ಕಳೆ ಕೀಳುವವನ ಖುಷಿಯಲ್ಲಿ ಟಿಪ್ಪಣಿಗಳನ್ನು ಕಿತ್ತ. ಬೇರೆ ಕ್ಯಾಸೆಟ್ಟುಗಳೆಲ್ಲ ಬೂಸಲು ಹಿಡಿದಿದ್ದರಿಂದ ಹಳೆಯ ಬರಹದ ಮೇಲೇ ಹೊಸದನ್ನು ತುಂಬಿಸಿದ; ಹಳೆಯದು ಅಳಿಸಿಹೋಯಿತು.

ಐದು ತಿಂಗಳು ಚೆನ್ನಾಗಿಯೇ ನಡೆಯಿತು. ಊಟಕ್ಕೆ ಕರೆದರೆ “ನಾಲ್ಕನೇ ಮಹಡೀಲಿದೀನಿ, ಬಂದೆ” ಎನ್ನುತ್ತಿದ್ದ. ಐದನೆಯದಕ್ಕೂ ಲಿಫ್ಟು ಹತ್ತಿತು. ಆರನೆಯದರಲ್ಲಿ ನಿಂತಿತು. ಪರದೆಯ ಮೇಲಿನ ಒಂದೇ ಪುಟವನ್ನು ದಿನಗಟ್ಟಲೆ ನೋಡುತ್ತ ಕೂರತೊಡಗಿದ. ಹೆಂಡತಿ ಹೇಳಿಕಳಿಸಿದ ಮೇಲೆ ತಮ್ಮ ಬಂದ.

“ಬಾ ಇಲ್ಲಿ. ಇದನ್ನ ಬರೆದೋನು ಯಾರೋ?”

ತಮ್ಮ ಪರದೆ ನೋಡಿದ. ಅತ್ತಿಗೆಯನ್ನು ನೋಡಲಿಲ್ಲ.

“ಕೆಲಸ ಗೊತ್ತಿರೋನೇ ಕಣೋ. ಎಲ್ಲೂ ಒಂದಿಷ್ಟೂ ಪೋಲಿಲ್ಲ. ಆದ್ರೆ ಎಂಥ ಕೊಬ್ಬು ನೋಡು, ಒಂದೇ ಒಂದು ಟಿಪ್ಪಣಿ ಇಲ್ಲ! ಆಮೇಲೆ ಬರೋನು ಹೇಗೆ ಓದ್ಬೇಕು? ಕರೆಸು ಅವನನ್ನ.”

ಬಾಗಿಲಲ್ಲಿದ್ದ ಹೆಂಡತಿಯೇ ಹೇಳಿದಳು: “ಅವರು ಊರಲ್ಲಿಲ್ಲ ಕಣ್ರೀ.”

“ಬರ್ಲಿ ಬಿಡು,” ಎಂದು ಅವನು ಕೀಬೋರ್ಡಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡ. “ಕಾಯ್ತೀನಿ.”